ಕಡ್ಡಾಯ ಯಾರಿಗೆ? ಅಪ್ಪ-ಅಮ್ಮನಿಗಾ, ಸರ್ಕಾರಕ್ಕಾ?

ಎರೆಹೊಲ · ಸೋಮವಾರ ರಾತ್ರಿ

ದೀಪಾವಳಿ ಮುಗಿಯಿತು, ನಮ್ಮೂರು ಅರ್ಧ ಖಾಲಿಯಾಯಿತು. ದೇವದುರ್ಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಳೆ, ಅಂದರೆ ಕೂಲಿ ಹುಡುಕಿಕೊಂಡು ಊರು ಬಿಡುವುದು. ಮನೆಯಲ್ಲಿ ಮುದುಕಿಯೊಬ್ಬಳನ್ನು ಬಿಟ್ಟು ಗಂಡ, ಹೆಂಡತಿ, ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಮತ್ತೆ ಮುಖ ಕಾಣುವುದು ಯುಗಾದಿಗೆ.

ನಾನು ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಮಗಳು ಅಲ್ಲೇ ಐದನೇ ಕ್ಲಾಸು ಓದುತ್ತಾಳೆ. ಮೊನ್ನೆ ಸಭೆಯಲ್ಲಿ ಹೆಡ್‌ಮಾಸ್ತರು ಹಾಜರಿ ಪುಸ್ತಕ ತೆಗೆದು ತೋರಿಸಿದರು. ಆರನೇ ಕ್ಲಾಸಿನಲ್ಲಿ 31 ಹೆಸರು, ಕೂತಿದ್ದು 17 ಮಕ್ಕಳು. ಒಬ್ಬ ಸದಸ್ಯರು ಎದ್ದು ನಿಂತು, "ಮಕ್ಕಳನ್ನು ಕಳಿಸದವರ ರೇಷನ್ ಬಂದ್ ಮಾಡಿಸೋಣ, ತಾವೇ ದಾರಿಗೆ ಬರ್ತಾರೆ" ಅಂದರು. ಚಪ್ಪಾಳೆ ಬಿತ್ತು. ನಿಜ ಹೇಳ್ತೀನಿ, ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಯಾಕೋ ಹೊಟ್ಟೆಯಲ್ಲಿ ಕಸಿವಿಸಿ. ಶನಿವಾರ ಮತ್ತೆ ಸಭೆ ಇದೆ. ಅವತ್ತು ಠರಾವು ಬರೆದು ಎಲ್ಲರೂ ಸಹಿ ಹಾಕಬೇಕಂತೆ.

ಗೊತ್ತಿದ್ದವರು ಹೇಳಿ. ಮಗುವನ್ನು ಶಾಲೆಗೆ ಕಳಿಸದ ತಂದೆ-ತಾಯಿಗೆ ಕಾನೂನಿನಲ್ಲಿ ಶಿಕ್ಷೆ ಇದೆಯಾ? ಇಲ್ಲದಿದ್ದರೆ "ಕಡ್ಡಾಯ" ಅಂತ ಯಾಕೆ ಬರೆದರು? ಪಾರ್ಲಿಮೆಂಟಿನಲ್ಲಿ ಕೂತವರು ಇದನ್ನು ಮಾತಾಡಿಯೇ ಇಲ್ವಾ?

ಒಗ್ಗರಣೆ · ಸೋಮವಾರ ರಾತ್ರಿ

ಇದೆ ರೀ. ಆರ್‌ಟಿಇಯಲ್ಲಿ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಹತ್ತು ಸಾವಿರ ದಂಡ ಇದೆ. ಎರಡು ಮನೆಗೆ ಹಾಕಿಸಿ, ಮೂರನೇ ಮನೆಯವರು ಕೇಳದೇನೇ ಕಳಿಸ್ತಾರೆ. ನಾವೂ ಬಡತನದಲ್ಲೇ ಓದಿದವರು. ನಮ್ಮಪ್ಪ ಹಮಾಲಿ ಮಾಡುತ್ತಿದ್ದರು, ಒಂದು ದಿನ ಶಾಲೆ ತಪ್ಪಿಸಲು ಬಿಡಲಿಲ್ಲ. ಮನಸ್ಸಿದ್ದರೆ ಮಾರ್ಗ.

ಕರಿಕೋಟು · ಮಂಗಳವಾರ ಬೆಳಿಗ್ಗೆ

ಒಗ್ಗರಣೆಯವರೇ, ನೀವು ಎರಡು ಮೂರು ಕಾಯ್ದೆ ಸೇರಿಸಿ ಚಿತ್ರಾನ್ನ ಮಾಡಿದ್ದೀರಿ. ಆರ್‌ಟಿಇಯಲ್ಲಿ ಹತ್ತು ಸಾವಿರ ಅಂತ ಇರುವುದು ಶಾಲೆ ನಡೆಸುವವರಿಗೆ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷದವರೆಗೆ ದಂಡ, ಆಮೇಲೂ ಮುಚ್ಚದಿದ್ದರೆ ದಿನಕ್ಕೆ ಹತ್ತು ಸಾವಿರ. ತಂದೆ-ತಾಯಿಗೆ ಅದರಲ್ಲಿ ಒಂದು ರೂಪಾಯಿ ದಂಡವೂ ಇಲ್ಲ.

ಎರೆಹೊಲ ಅಣ್ಣಾ, ನೀವು ಕೇಳಿದ್ದು 10ನೇ ಸೆಕ್ಷನ್. ಒಂದೇ ವಾಕ್ಯ ಅದು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪ್ರತಿ ತಂದೆ, ತಾಯಿ ಅಥವಾ ಪೋಷಕರ ಕರ್ತವ್ಯ ಅನ್ನುತ್ತದೆ. ಸೇರಿಸದಿದ್ದರೆ? ಸೆಕ್ಷನ್ ಅಲ್ಲಿಗೇ ಮುಗಿಯುತ್ತದೆ.

ಮರೆತು ಬಿಟ್ಟರು ಅಂದುಕೊಳ್ಳಬೇಡಿ. 2005ರಲ್ಲಿ ಓಡಾಡುತ್ತಿದ್ದ ಕರಡಿನಲ್ಲಿ ಒಂದು ಶಿಕ್ಷೆ ಇತ್ತು. ಎಷ್ಟು ಹೇಳಿದರೂ ಮಗುವನ್ನು ಕಳಿಸದ ಪೋಷಕರಿಂದ ಶಾಲೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಸೇವೆ ಮಾಡಿಸುವುದು. ಕೂಲಿ ಬಿಟ್ಟು ಬಂದು ಪುಕ್ಕಟೆ ದುಡಿಯಬೇಕು. ಅಂದರೆ ಕೂಲಿ ಕಳೆದುಕೊಳ್ಳಲಾರದೆ ಮಗುವನ್ನು ಶಾಲೆ ಬಿಡಿಸಿದವನಿಗೆ ಕೂಲಿ ಕಳೆಯುವುದೇ ಶಿಕ್ಷೆ! ಕೊನೆಗೆ ಮಸೂದೆ 2009ರ ಜುಲೈ 20ಕ್ಕೆ ರಾಜ್ಯಸಭೆಯಲ್ಲೂ ಆಗಸ್ಟ್ 4ಕ್ಕೆ ಲೋಕಸಭೆಯಲ್ಲೂ ಪಾಸಾಗುವಾಗ ಅದು ಇರಲಿಲ್ಲ.

ಇನ್ನು "ಕಡ್ಡಾಯ" ಅನ್ನುವ ಪದ. ಅದಕ್ಕೆ ಏನು ಅರ್ಥ ಅಂತ ಕಾಯ್ದೆಯೇ 8ನೇ ಸೆಕ್ಷನ್ನಿನಲ್ಲಿ ಬರೆದುಕೊಂಡಿದೆ. ಪ್ರತಿ ಮಗುವಿಗೂ ಶುಲ್ಕವಿಲ್ಲದ ಶಿಕ್ಷಣ ಕೊಡಬೇಕು, ದಾಖಲಾತಿ ಆಗುವಂತೆ, ಹಾಜರಾತಿ ಇರುವಂತೆ, ಎಂಟನೇ ಕ್ಲಾಸು ಮುಗಿಯುವಂತೆ ನೋಡಿಕೊಳ್ಳಬೇಕು. ಯಾರು? ಸರ್ಕಾರ. 9ನೇ ಸೆಕ್ಷನ್ ಇದನ್ನೇ ಸ್ಥಳೀಯ ಸಂಸ್ಥೆಯ ತಲೆಗೂ ಕಟ್ಟುತ್ತದೆ. ಅದರ ಪಟ್ಟಿಯಲ್ಲಿ ವಲಸೆ ಹೋದ ಕುಟುಂಬಗಳ ಮಕ್ಕಳನ್ನು ಸೇರಿಸಿಕೊಳ್ಳುವುದೂ ಇದೆ. ನಿಮ್ಮೂರ ಗುಳೆಯ ಮಕ್ಕಳು ಕಾಯ್ದೆಯಲ್ಲಿ ಇದ್ದಾರೆ, ಆದರೆ ಬೇರೆಯವರ ಕೆಲಸವಾಗಿ.

ಎಸ್‌ಡಿಎಂಸಿಗೆ ಯಾರ ರೇಷನ್ನನ್ನೂ ನಿಲ್ಲಿಸುವ ಅಧಿಕಾರ ಇಲ್ಲ. ಸಹಿ ಹಾಕುವ ಮುಂಚೆ ಇದೊಂದನ್ನು ನೆನಪಿಡಿ.

ಒಗ್ಗರಣೆ · ಮಂಗಳವಾರ ಬೆಳಿಗ್ಗೆ

ಹಾಗಾದರೆ ಹತ್ತು ಸಾವಿರದ ವಿಷಯ ನಾನು ಎಲ್ಲೋ ಓದಿದ್ದು ಸುಳ್ಳಾ? ತಂದೆ-ತಾಯಿಗೆ ಅಂತಲೇ ಇತ್ತು. ಕಣ್ಣಾರೆ ಓದಿದ್ದೇನೆ.

ಕರಿಕೋಟು · ಮಂಗಳವಾರ ಮಧ್ಯಾಹ್ನ

ಸುಳ್ಳಲ್ಲ, ಕಾಯ್ದೆ ಬೇರೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂತು. 14 ದಾಟದ ಮಗುವನ್ನು ಕೆಲಸಕ್ಕೆ ಬಿಟ್ಟ ತಂದೆ-ತಾಯಿಗೆ ಮೊದಲ ಸಲ ಶಿಕ್ಷೆ ಇಲ್ಲ. ಮತ್ತೆ ಅದೇ ಮಾಡಿದರೆ ಹತ್ತು ಸಾವಿರದವರೆಗೆ ದಂಡ. ನೀವು ಓದಿದ್ದು ಅದು.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಬಾಗಿಲು ತೆರೆದಿಟ್ಟರು. ಶಾಲೆಯ ಹೊತ್ತು ಮುಗಿದ ಮೇಲೆ, ರಜೆಯಲ್ಲಿ, ಮಗು ಮನೆಯವರ ಕೆಲಸಕ್ಕೆ ಕೈ ಹಚ್ಚಬಹುದು. ಅಪಾಯದ ಕೆಲಸ ಆಗಿರಬಾರದು ಅಷ್ಟೆ. ಸಂಸತ್ತಿನಲ್ಲಿ ದೊಡ್ಡ ಜಗಳ ಆಗಿದ್ದು ಇದಕ್ಕೇ. ಮನೆಗೆಲಸ, ಹೊಲದ ಕೆಲಸ ಕಲಿಯುವುದು ನಮ್ಮ ಬದುಕಿನ ರೀತಿ ಅಂತ ಸರ್ಕಾರದ ವಾದ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಬೀಡಿ ಕಟ್ಟಿದ ಮಗು ಬೆಳಿಗ್ಗೆ ಕ್ಲಾಸಿನಲ್ಲಿ ನಿದ್ದೆ ಮಾಡದೆ ಏನು ಮಾಡುತ್ತದೆ ಅನ್ನುವುದು ಬೇಡ ಅಂದವರ ಪ್ರಶ್ನೆ. ಹತ್ತಿ ಕ್ರಾಸಿಂಗ್ (ಬೀಜದ ಹತ್ತಿಯ ಹೂವಿಗೆ ಮಕ್ಕಳ ಕೈಯಿಂದ ಪರಾಗ ಹಚ್ಚಿಸುವ ಕೆಲಸ) ನೋಡಿದವರಿಗೆ ಆ ಪ್ರಶ್ನೆ ಅರ್ಥವಾಗುತ್ತದೆ. ಹೊಲ ಸ್ವಂತದ್ದಾ ಕೂಲಿಯದ್ದಾ ಅಂತ ಯಾವ ಇನ್‌ಸ್ಪೆಕ್ಟರ್ ಬಂದು ಕೇಳುತ್ತಾನೆ?

ಗೆಜೆಟ್ ಹುಳು · ಮಂಗಳವಾರ ರಾತ್ರಿ

ಎರೆಹೊಲ ಅವರು "ಮಾತಾಡಿಯೇ ಇಲ್ವಾ" ಅಂದರಲ್ಲ, ಅದಕ್ಕೆ ಬಂದೆ. ನೂರು ವರ್ಷ ದಾಟಿತು ಸ್ವಾಮಿ, ಇದೇ ಮಾತು.

1910ರಲ್ಲಿ ಗೋಪಾಲಕೃಷ್ಣ ಗೋಖಲೆ ಇಂಪೀರಿಯಲ್ ಲೆಜಿಸ್ಲೇಟಿವ್ ಕೌನ್ಸಿಲ್‌ನಲ್ಲಿ ಕಡ್ಡಾಯ ಶಿಕ್ಷಣದ ನಿರ್ಣಯ ತಂದರು. ನೋಡೋಣ ಅಂದರು ಬ್ರಿಟಿಷರು, ಗೋಖಲೆ ಹಿಂದೆ ತಗೊಂಡರು. ಮುಂದಿನ ವರ್ಷ ಮಾರ್ಚ್ 16ಕ್ಕೆ ಮಸೂದೆಯನ್ನೇ ಇಟ್ಟರು. ಈಗ ಓದಿದರೆ ಎಷ್ಟು ಹೆದರಿಕೊಂಡು ಬರೆದ ಮಸೂದೆ ಅನ್ನಿಸುತ್ತದೆ. ದೇಶಕ್ಕೆಲ್ಲ ಅಲ್ಲ, ಯಾವ ಮುನಿಸಿಪಾಲಿಟಿ ಅಥವಾ ಜಿಲ್ಲಾ ಬೋರ್ಡಿಗೆ ಬೇಕೋ ಅಲ್ಲಿ ಮಾತ್ರ. ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಅಲ್ಲಿ ಇಂತಿಷ್ಟು ಪಾಲು ಮಕ್ಕಳು ಆಗಲೇ ಶಾಲೆಯಲ್ಲಿ ಇರಬೇಕು. ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಮಾತ್ರ ಕಡ್ಡಾಯ. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ಆದಾಯ ಇದ್ದವರಿಗೆ ಫೀಸು ಇಲ್ಲ.

ನನಗೆ ಅದರಲ್ಲಿ ಇಷ್ಟವಾಗುವುದು ವಿನಾಯಿತಿಗಳು. ಮಗುವಿಗೆ ಕಾಯಿಲೆ ಇದ್ದರೆ, ಮನೆಯಲ್ಲಿ ತೀರಾ ತೊಂದರೆ ಇದ್ದರೆ, ಆಮೇಲೆ ಬೇಸಾಯದ ಹಂಗಾಮಿನ ಕೆಲಸ ಇದ್ದರೆ, ಆ ತಂದೆಯನ್ನು ಹಿಡಿಯುವಂತಿಲ್ಲ. ಹಂಗಾಮು! ಪುಣೆಯ ಕಾಲೇಜು ಮೇಷ್ಟ್ರು, ಮಸೂದೆ ಬರೆಯುವಾಗ ಸುಗ್ಗಿಯನ್ನು ಮರೆಯಲಿಲ್ಲ.

ಮಾದರಿ ತಗೊಂಡಿದ್ದು ಇಂಗ್ಲೆಂಡಿನ 1870 ಮತ್ತು 1876ರ ಕಾಯ್ದೆಗಳಿಂದ. ಕಣ್ಣ ಮುಂದಿದ್ದ ಉದಾಹರಣೆ ಬರೋಡ. ಸಯಾಜಿರಾವ್ ಗಾಯಕ್‌ವಾಡ್ 1893ರಲ್ಲಿ ಅಮ್ರೇಲಿಯ ಕಡೆ ಶುರು ಮಾಡಿ 1906ರ ಹೊತ್ತಿಗೆ ಸಂಸ್ಥಾನಕ್ಕೆಲ್ಲ ಹಬ್ಬಿಸಿದ್ದರು. ಒಬ್ಬ ರಾಜ ಮಾಡಬಹುದಾದ್ದನ್ನು ಬ್ರಿಟಿಷ್ ಸರ್ಕಾರ ಯಾಕೆ ಮಾಡಬಾರದು ಅಂತ ಗೋಖಲೆ ಕೇಳಿದರು.

1912ರ ಮಾರ್ಚ್ 18 ಮತ್ತು 19, ಎರಡು ದಿನ ಚರ್ಚೆ. ಶಿಕ್ಷಣ ನೋಡಿಕೊಳ್ಳುತ್ತಿದ್ದ ಹಾರ್ಕೋರ್ಟ್ ಬಟ್ಲರ್ ಬೇಡ ಅಂದರು. ಜನಕ್ಕೇ ಬೇಕಾಗಿಲ್ಲ, ಕಾಲ ಇನ್ನೂ ಬಂದಿಲ್ಲ, ದುಡ್ಡು ಎಲ್ಲಿಂದ, ಈ ಮೂರು ಮಾತನ್ನು ತಿರುಗಿಸಿ ಮುರುಗಿಸಿ ಹೇಳಿದರು. ಮದನ ಮೋಹನ ಮಾಳವೀಯ, ಜಿನ್ನಾ ಇಬ್ಬರೂ ಗೋಖಲೆ ಪರ. (ಹೌದು, ಇಬ್ಬರೂ ಒಂದೇ ಕಡೆ.) ಮತ ಎಣಿಸಿದರೆ ಪರ 13, ವಿರೋಧ 38.

ನಮ್ಮ ಕಡೆಗೆ ಬನ್ನಿ. ಮರುವರ್ಷವೇ, 1913ರಲ್ಲಿ, ಮೈಸೂರು ಸಂಸ್ಥಾನ ಎಲಿಮೆಂಟರಿ ಎಜುಕೇಷನ್ ರೆಗ್ಯುಲೇಷನ್ ತಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯ ದಿವಾನರು. ಆರಿಸಿದ ಕೆಲವು ಊರುಗಳಲ್ಲಿ ಮಾತ್ರ ಕಡ್ಡಾಯ. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1917ರಲ್ಲಿ ಜಾರಿ ಮಾಡಿದರು, ಮಗುವನ್ನು ಕಳಿಸದ ತಂದೆಗೆ ತಿಂಗಳಿಗೆ ಒಂದು ರೂಪಾಯಿ ದಂಡವೂ ಹಾಕಿದರು. ಆಗ ನಮ್ಮ ರಾಯಬಾಗ ಕೊಲ್ಹಾಪುರಕ್ಕೆ ಸೇರಿತ್ತು. 1918ರಲ್ಲಿ ವಿಠಲಭಾಯಿ ಪಟೇಲರು ಮುಂಬೈ ಪ್ರಾಂತ್ಯದಲ್ಲಿ ಕಾಯ್ದೆ ಪಾಸು ಮಾಡಿಸಿದರು. ಧಾರವಾಡ, ಬೆಳಗಾವಿ, ಬಿಜಾಪುರ ಅದರೊಳಗೆ ಬಂದವು. ಎರೆಹೊಲ ಅವರ ರಾಯಚೂರು ನಿಜಾಮರ ಕೈಯಲ್ಲಿ. ಆ ಕಥೆ ಬೇರೆ, ದುಃಖದ್ದು.

ಹಳೇ ಹಾಜರಿ · ಬುಧವಾರ ಬೆಳಿಗ್ಗೆ

ರಿಟೈರಾಗಿ ಹನ್ನೆರಡು ವರ್ಷ ಆಯಿತು. ಈ ಚರ್ಚೆ ನೋಡಿ ಕೈ ಸುಮ್ಮನಿರಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಇತ್ತು. ಅದರಲ್ಲಿ ಅಟೆಂಡೆನ್ಸ್ ಅಥಾರಿಟಿ ಅಂತ ಒಬ್ಬರು. ಮಗು ಬರದಿದ್ದರೆ ತಂದೆಯನ್ನು ಕರೆಸಿ ವಿಚಾರಿಸಬೇಕು, ಕಾರಣ ಸರಿ ಇಲ್ಲದಿದ್ದರೆ ಕಳಿಸು ಅಂತ ಆದೇಶ ಕೊಡಬೇಕು, ಆಮೇಲೆ ದಂಡ. ನನ್ನ ಸರ್ವಿಸ್ಸಿನಲ್ಲಿ ಒಬ್ಬ ತಂದೆಗೂ ದಂಡ ಬಿದ್ದಿದ್ದು ನೋಡಿಲ್ಲ. ಆದರೆ ಆ ಕಾಯ್ದೆ ನಮ್ಮ ಮೇಲೆ ಚೆನ್ನಾಗಿ ಕೆಲಸ ಮಾಡಿತು.

ಹೇಗೆ ಅಂತೀರಾ? ಜೂನ್ ಬಂತೆಂದರೆ ಮಕ್ಕಳ ಗಣತಿ. ಮನೆ ಮನೆ ತಿರುಗಿ ಆರು ವರ್ಷ ತುಂಬಿದವರ ಹೆಸರು ಬರೆಯಬೇಕು. ಬರೆದ ಹೆಸರಿಗೆಲ್ಲ ದಾಖಲಾತಿ ತೋರಿಸಬೇಕು. ತೋರಿಸಿದ ದಾಖಲಾತಿಗೆಲ್ಲ ಹಾಜರಿ ಬೇಕು. ಇಲ್ಲದಿದ್ದರೆ ಶಾಲೆಗೆ ಇನ್ನೊಬ್ಬ ಮೇಷ್ಟ್ರ ಹುದ್ದೆ ಇಲ್ಲ, ಇನ್‌ಸ್ಪೆಕ್ಟರ್ ಬಾಯಿ ಮಾಡುತ್ತಾರೆ. ನಾವು ಏನು ಮಾಡಿದೆವು? ಎಮ್ಮೆ ಕಾಯಲು ಹೋದ ಹುಡುಗನಿಗೆ ಹಾಜರಿ ಹಾಕಿದೆವು. ಮದುವೆಯಾಗಿ ಹೋದ ಹುಡುಗಿಗೂ ಎರಡು ತಿಂಗಳು ಹಾಜರಿ ಹಾಕಿದ ಪುಣ್ಯಾತ್ಮ ನಾನು. ಇನ್‌ಸ್ಪೆಕ್ಟರ್ ಬರುವ ದಿನ ಪಕ್ಕದ ಊರಿನ ಶಾಲೆಯಿಂದ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಂದು ಕೂರಿಸಿದ್ದೂ ಉಂಟು. ಅವರ ಊರಿಗೆ ಇನ್‌ಸ್ಪೆಕ್ಟರ್ ಬಂದಾಗ ನಮ್ಮ ಮಕ್ಕಳು ಅಲ್ಲಿಗೆ.

ಹಾಗಾಗಿ ಎರೆಹೊಲ, 31ಕ್ಕೆ 17 ಅಂತ ನಿಜ ಬರೆದು ತೋರಿಸಿದ ನಿಮ್ಮ ಹೆಡ್‌ಮಾಸ್ತರಿಗೆ ಮೊದಲು ಕೈ ಮುಗಿಯಿರಿ. ರೇಷನ್ ಬಂದ್ ಅಂತ ಠರಾವು ಮಾಡಿದ ಮರುದಿನ ನಿಮ್ಮ ಪುಸ್ತಕದಲ್ಲಿ 31ಕ್ಕೆ 31 ಬರುತ್ತದೆ. ಊರಿನವರ ನಿಷ್ಠುರ ಕಟ್ಟಿಕೊಳ್ಳಲು ಯಾವ ಮೇಷ್ಟ್ರೂ ಇಷ್ಟಪಡುವುದಿಲ್ಲ. ಕೂತಿರುವುದು ಮಾತ್ರ ಅದೇ 17.

ಕರಿಕೋಟು · ಬುಧವಾರ ಬೆಳಿಗ್ಗೆ

ಮೇಷ್ಟ್ರೇ, ನಮಸ್ಕಾರ. ಒಂದು ಮಾತು ಸೇರಿಸುತ್ತೇನೆ. 1961ರ ಆ ವ್ಯವಸ್ಥೆ ನಮ್ಮ ಕರ್ನಾಟಕ ಶಿಕ್ಷಣ ಕಾಯ್ದೆಯೊಳಗೂ ಬಂದಿದೆ. 1983ರ ಕಾಯ್ದೆ, ಜಾರಿಗೆ ಬಂದಿದ್ದು 1995ರಲ್ಲಿ! ಹನ್ನೆರಡು ವರ್ಷ ಕಪಾಟಿನಲ್ಲಿ. ಅದರಲ್ಲಿ ಹಾಜರಾತಿ ಪ್ರಾಧಿಕಾರ, ಹಾಜರಾತಿ ಆದೇಶ, ದಂಡ ಎಲ್ಲವೂ ಇದೆ. ಆದ್ದರಿಂದ ಒಗ್ಗರಣೆಯವರು ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ಪ್ರಾಧಿಕಾರ ಮೊದಲು ಕಾರಣ ಕೇಳಬೇಕು, ಕೇಳಿ ಬರೆದುಕೊಳ್ಳಬೇಕು. ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಚಪ್ಪಾಳೆ ತಟ್ಟಿ ಮಾಡಲು ಬರುವುದಿಲ್ಲ.

ಥೇಮ್ಸ್ ದಂಡೆ · ಬುಧವಾರ ರಾತ್ರಿ

ದಂಡ ಅಂದರೆ ಏನು ಅಂತ ನನ್ನನ್ನು ಕೇಳಿ. ಈಗಷ್ಟೇ ಕಟ್ಟಿದ್ದೇವೆ.

ಮಾವನವರಿಗೆ 70 ತುಂಬಿತು, ಶಿವಮೊಗ್ಗದಲ್ಲಿ ಭೀಮರಥ ಶಾಂತಿ ಇಟ್ಟುಕೊಂಡಿದ್ದರು. ಮುಹೂರ್ತ ನಮ್ಮ ಸ್ಕೂಲ್ ರಜೆ ನೋಡಿಕೊಂಡು ಬರುತ್ತದಾ? ಏಳು ಶಾಲಾ ದಿನ ತಪ್ಪಿಸಿ ಮಕ್ಕಳಿಬ್ಬರನ್ನೂ ಕರಕೊಂಡು ಬಂದೆವು. ಮುಂಚೆಯೇ ಪತ್ರ ಬರೆದು ಕೇಳಿದ್ದೆವು, ಆಗಲ್ಲ ಅಂದಿದ್ದರು. ವಾಪಸ್ ಹೋದ ಮೇಲೆ ಲಕೋಟೆಗಳು ಬಂದವು. ಇಲ್ಲಿ ಇಂಗ್ಲೆಂಡಿನಲ್ಲಿ ಹತ್ತು ವಾರದ ಅವಧಿಯಲ್ಲಿ ಒಪ್ಪಿಗೆ ಇಲ್ಲದೆ ಐದು ದಿನದಷ್ಟು ತಪ್ಪಿಸಿದರೆ ದಂಡಕ್ಕೆ ದಾರಿ. 2024ರ ಆಗಸ್ಟ್‌ನಿಂದ 80 ಪೌಂಡು, 21 ದಿನದಲ್ಲಿ ಕಟ್ಟದಿದ್ದರೆ 160. ಅದೂ ಒಬ್ಬೊಬ್ಬ ಮಗುವಿಗೆ, ಒಬ್ಬೊಬ್ಬ ಪೋಷಕರಿಗೆ ಬೇರೆ ಬೇರೆ. ನಾವಿಬ್ಬರು, ಮಕ್ಕಳಿಬ್ಬರು, 320 ಪೌಂಡು. ಅತ್ತೆಗೆ ಹೇಳಿದರೆ ನಂಬಲಿಲ್ಲ. "ಮೊಮ್ಮಕ್ಕಳು ಅಜ್ಜನ ಕಾಲಿಗೆ ಬೀಳೋದಕ್ಕೂ ತೆರಿಗೆಯೇನೇ?" ಅಂದರು.

ಆದರೆ ನಿಜ ಹೇಳಬೇಕಲ್ಲ. ರಜೆಗೆ ಮುಂಚೆ ವಿಮಾನದ ಟಿಕೆಟ್ ಅಗ್ಗ. ದಂಡ ಕಟ್ಟಿದರೂ ನಮಗೆ ಉಳಿತಾಯವೇ ಆಯಿತು! ಇಲ್ಲಿನ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕ. ಕೈಯಲ್ಲಿ ದುಡ್ಡಿದ್ದವರಿಗೆ ಅದು ಟಿಕೆಟ್ಟಿನ ಇನ್ನೊಂದು ಖರ್ಚು. ನಮ್ಮ ಬೀದಿಯಲ್ಲೇ ಒಂಟಿ ತಾಯಿ ಒಬ್ಬಳಿದ್ದಾಳೆ, ಹದಿಮೂರರ ಮಗ ಹಾಸಿಗೆಯಿಂದ ಏಳಲ್ಲ ಅಂತಾನೆ, ಶಾಲೆ ಅಂದರೆ ಮೈ ನಡುಗುತ್ತದೆ ಅವನಿಗೆ. ಅವಳಿಗೆ ಅದೇ 80 ಪೌಂಡು ಒಂದು ವಾರದ ದಿನಸಿ.

ಇನ್ನೊಂದು. ಇಲ್ಲಿ 1876ರಲ್ಲೇ ಮಗುವಿಗೆ ಓದು, ಬರಹ, ಲೆಕ್ಕ ಕಲಿಸುವುದು ತಂದೆ-ತಾಯಿಯ ಕರ್ತವ್ಯ ಅಂತ ಬರೆದರು. 1880ರಲ್ಲಿ ಹತ್ತು ವರ್ಷದವರೆಗೆ ಎಲ್ಲ ಕಡೆ ಕಡ್ಡಾಯ ಆಯಿತು. ಫೀಸು ಹೋಗಿದ್ದು ಯಾವಾಗ ಗೊತ್ತಾ? 1891ರ ಕಾಯ್ದೆಯಿಂದ. ಅಷ್ಟು ವರ್ಷ ಬಡವರು ಫೀಸನ್ನೂ ಕಟ್ಟಬೇಕು, ಮಗು ತಪ್ಪಿಸಿಕೊಂಡರೆ ದಂಡವನ್ನೂ ಕಟ್ಟಬೇಕು. ಗೋಖಲೆಯವರು ಇವರ ಕಾಯ್ದೆ ನೋಡಿ ಬರೆದರೂ ಹತ್ತು ರೂಪಾಯಿಯ ಗೆರೆ ಎಳೆದಿದ್ದು ಯಾಕೆ ಅಂತ ಈಗ ಹೊಳೆಯಿತು.

ಮನೆಯೇ ಶಾಲೆ · ಬುಧವಾರ ರಾತ್ರಿ

ಥೇಮ್ಸ್ ದಂಡೆ ಮೇಡಂ, ಅಲ್ಲಿ ಮನೆಯಲ್ಲೇ ಕಲಿಸಬಹುದು ಅಲ್ವಾ? ನಾವು ಮೈಸೂರಿನಲ್ಲಿ ಮಗನಿಗೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಇಲ್ಲಿ ಈ 10ನೇ ಸೆಕ್ಷನ್ ತೋರಿಸಿ ನೆಂಟರೆಲ್ಲ ಹೆದರಿಸುತ್ತಾರೆ.

ಥೇಮ್ಸ್ ದಂಡೆ · ಗುರುವಾರ ಬೆಳಿಗ್ಗೆ

ಹೌದು. 1944ರಿಂದಲೂ ಇಲ್ಲಿನ ಕಾಯ್ದೆಯಲ್ಲಿ "ಶಾಲೆಯಲ್ಲಿ ಅಥವಾ ಬೇರೆ ರೀತಿಯಲ್ಲಿ" ಅನ್ನುವ ಮಾತು ಇದೆ. ಕಡ್ಡಾಯ ಇರುವುದು ಶಿಕ್ಷಣ. ಆದರೆ 2024ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿಗೆ ಬಂದ ಮಸೂದೆಯಲ್ಲಿ ಶಾಲೆಯಲ್ಲಿ ಇಲ್ಲದ ಮಕ್ಕಳಿಗೆಲ್ಲ ಒಂದು ನೋಂದಣಿ ಪುಸ್ತಕ ಇಡಬೇಕು ಅಂತ ಹಾಕಿದರು, ಮನೆಪಾಠದವರು ಕೆಂಡ ಕಾರಿದರು. ಬೇರೆ ಚರ್ಚೆ ಶುರು ಮಾಡಿ, ಬರ್ತೀನಿ. ಇಲ್ಲಿ ಎರೆಹೊಲ ಅವರಿಗೆ ಶನಿವಾರ ಸಭೆ ಇದೆ.

ಒಗ್ಗರಣೆ · ಗುರುವಾರ ಬೆಳಿಗ್ಗೆ

ಎಲ್ಲರೂ ಸೇರಿ ನನ್ನನ್ನು ಖಳನಾಯಕ ಮಾಡಿದಿರಿ, ಇರಲಿ. ಒಂದು ಕೇಳ್ತೀನಿ. ಸಂವಿಧಾನದಲ್ಲೇ ತಂದೆ-ತಾಯಿಯ ಕರ್ತವ್ಯ ಅಂತ ಬರೆದಿದ್ದಾರೆ ತಾನೇ? ಅದನ್ನೂ ಸುಮ್ನೆ ಬರೆದರಾ? ಬಡವ ಅಂದ ಮಾತ್ರಕ್ಕೆ ಅವನಿಗೆ ಹೊಣೆಯೇ ಇಲ್ಲ ಅನ್ನುವುದೂ ಅವನಿಗೆ ಮಾಡುವ ಅವಮಾನ. ನಮ್ಮಪ್ಪನಿಗೆ ಯಾರಾದರೂ ಹಾಗೆ ಹೇಳಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದರು.

ಕರಿಕೋಟು · ಗುರುವಾರ ಮಧ್ಯಾಹ್ನ

ಇದು ಒಳ್ಳೆಯ ಪ್ರಶ್ನೆ. ನಿಮ್ಮಪ್ಪನವರ ಬಗ್ಗೆ ಗೌರವ ಇಟ್ಟುಕೊಂಡೇ ಉತ್ತರ ಕೊಡುತ್ತೇನೆ.

1976ರ 42ನೇ ತಿದ್ದುಪಡಿಯಲ್ಲಿ ಮೂಲಭೂತ ಕರ್ತವ್ಯಗಳು ಬಂದಾಗ ಹತ್ತು ಇದ್ದವು. ಹನ್ನೊಂದನೆಯದು ಸೇರಿದ್ದು 86ನೇ ತಿದ್ದುಪಡಿಯಿಂದ, 2002ರಲ್ಲಿ. 51ಎ(ಕೆ). ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆ, ತಾಯಿ ಅಥವಾ ಪೋಷಕರ ಕರ್ತವ್ಯ. ಅದೇ ತಿದ್ದುಪಡಿಯಲ್ಲಿ 21ಎ ಕೂಡ ಬಂತು, ಅಂದರೆ ಮಗುವಿನ ಹಕ್ಕು. ಒಂದು ಕೈಯಲ್ಲಿ ಹಕ್ಕು, ಇನ್ನೊಂದು ಕೈಯಲ್ಲಿ ಕರ್ತವ್ಯ. 21ಎ ಹಿಡಿದು ಕೋರ್ಟಿಗೆ ಹೋಗಬಹುದು. 51ಎ ಹಿಡಿದು ಒಬ್ಬ ತಂದೆಯನ್ನು ಶಿಕ್ಷಿಸಲು ಬರುವುದಿಲ್ಲ, ಅದಕ್ಕೆ ಬೇರೆ ಕಾಯ್ದೆ ಬೇಕು.

ಆ ಮಸೂದೆ ಲೋಕಸಭೆಯಲ್ಲಿ ಪಾಸಾದ ದಿನ 2001ರ ನವೆಂಬರ್ 28. ಮಾನವ ಸಂಪನ್ಮೂಲ ಸಚಿವರು ಮುರಳಿ ಮನೋಹರ ಜೋಶಿ. ಶಿಕ್ಷಣ ಬೇಡ ಅಂದವರು ಯಾರೂ ಇರಲಿಲ್ಲ. ಆಕ್ಷೇಪ ಎರಡು ಮೂರು ಕಡೆ. ಆರು ವರ್ಷದೊಳಗಿನ ಮಕ್ಕಳನ್ನು ಯಾಕೆ ಹಕ್ಕಿನಿಂದ ಹೊರಗಿಟ್ಟಿರಿ? "ಸರ್ಕಾರ ಕಾನೂನಿನಿಂದ ಗೊತ್ತು ಮಾಡಿದ ರೀತಿಯಲ್ಲಿ" ಅಂತ ಬಾಲ ಯಾಕೆ ಅಂಟಿಸಿದಿರಿ? ತಂದೆ-ತಾಯಿಯ ಕರ್ತವ್ಯ ಅಂತ ಹಾಕಿ, ನಾಳೆ ಶಾಲೆ ಕಟ್ಟದ ಸರ್ಕಾರವೇ ಬಡವನ ಮೇಲೆ ಬೊಟ್ಟು ಮಾಡಿದರೆ?

ಈಗ ತಮಾಷೆ ನೋಡಿ. ಅದೇ ನವೆಂಬರ್ 28ರಂದು, ಅದೇ ದಿಲ್ಲಿಯಲ್ಲಿ, ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಕೇಸಿನಲ್ಲಿ ಒಂದು ಮಧ್ಯಂತರ ಆದೇಶ ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಬೇಯಿಸಿದ ಊಟ ಕೊಡಿ ಅಂತ. ಅಲ್ಲಿಯವರೆಗೆ ಬಹಳಷ್ಟು ಕಡೆ ಕೊಡುತ್ತಿದ್ದುದು ಒಣ ಧಾನ್ಯ. ಒಂದೇ ದಿನ, ಲೋಕಸಭೆ ತಂದೆಗೆ ಕರ್ತವ್ಯ ಬರೆದುಕೊಟ್ಟಿತು, ಕೋರ್ಟು ಮಗುವಿನ ತಟ್ಟೆಗೆ ಅನ್ನ ಹಾಕಿಸಿತು. ಇವೆರಡರಲ್ಲಿ ಹೆಚ್ಚು ಮಕ್ಕಳನ್ನು ಶಾಲೆಗೆ ಎಳೆದದ್ದು ಯಾವುದು ಅಂತ ಮೇಷ್ಟ್ರೇ ಹೇಳಲಿ.

ಹಳೇ ಹಾಜರಿ · ಗುರುವಾರ ಸಂಜೆ

ಹೇಳುವುದೇನು ಬಂತು. ಬಿಸಿಯೂಟ ಶುರುವಾದ ವರ್ಷ ಮಧ್ಯಾಹ್ನದ ಮೇಲೂ ಕ್ಲಾಸು ತುಂಬಿರುವುದನ್ನು ನಾನು ಮೊದಲ ಸಲ ನೋಡಿದೆ. ಅದಕ್ಕೆ ಮುಂಚೆ ಊಟದ ಗಂಟೆ ಹೊಡೆದರೆ ಅರ್ಧ ಮಕ್ಕಳು ಮನೆಗೆ ಹೋದವರು ಹೋದರೇ. ಮನೆಯಲ್ಲಿ ಊಟ ಇದ್ದರೆ ತಿಂದು ಮಲಗುತ್ತಿದ್ದರು, ಇಲ್ಲದಿದ್ದರೆ ಬಾರೆಹಣ್ಣಿಗೆ ಹೋಗುತ್ತಿದ್ದರು.

ಆದರೆ ವಕೀಲರಮ್ಮಾ, ಊಟ ಒಂದೇ ಸಾಲಲ್ಲ. ಏಳನೇ ಕ್ಲಾಸಿನ ಹುಡುಗಿ ಬಿಸಿಯೂಟಕ್ಕೆ ಬರುವುದಿಲ್ಲ. ಅವಳಿಗೆ ಬೇಕಾದ್ದು ಬಾಗಿಲು ಇರುವ ಶೌಚಾಲಯ. ಜೊತೆಗೆ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಲು ಇನ್ನೊಬ್ಬರು.

ಎರೆಹೊಲ · ಗುರುವಾರ ರಾತ್ರಿ

ಎಲ್ಲ ಓದಿದೆ. ಎರಡು ಸಲ ಓದಿದೆ. ಮಗಳಿಗೂ ಸ್ವಲ್ಪ ಓದಿ ಹೇಳಿದೆ. ಅವಳ ಪ್ರಶ್ನೆ, "ಅಪ್ಪಾ, ಹದಿನಾಲ್ಕೇ ಯಾಕೆ? ನಮ್ಮ ಅಕ್ಕನಿಗೆ ಹದಿನೈದು. ಅವಳು ಬಿಟ್ಟರೆ ನಡೀತದಾ?" ಉತ್ತರ ಗೊತ್ತಾಗಲಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಆ 14 ಮನೆಗಳಲ್ಲಿ ನಾಲ್ಕಕ್ಕೆ ಫೋನ್ ಮಾಡಿದೆ. ಒಬ್ಬ ನನ್ನ ಜೊತೆ ಓದಿದವ, ಬೆಂಗಳೂರಿನಲ್ಲಿ ಗಾರೆ ಕೆಲಸ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ರೇಷನ್ ಊರಾಗ ಯಾರು ಉಣ್ತಾರ ಗೊತ್ತೇನಪ್ಪಾ? ನಾವು ಇಲ್ಲಿ ಕೊಂಡು ಉಣ್ತೀವಿ. ಊರಾಗಿನ ಅಕ್ಕಿ ನಮ್ಮವ್ವ ಉಣ್ತಾಳ" ಅಂದ.

ನಾನು ಚಪ್ಪಾಳೆ ತಟ್ಟಿದ್ದು ಆ ಮುದುಕಿಯ ಅನ್ನಕ್ಕೆ.

ಮಗಳನ್ನು ಯಾಕೆ ಕರಕೊಂಡು ಹೋದೆ, ಅವ್ವನ ಹತ್ತಿರ ಬಿಡಬಹುದಿತ್ತಲ್ಲ ಅಂದೆ. "ಅವ್ವಗ ಕಣ್ಣು ಕಾಣಂಗಿಲ್ಲ. ಹನ್ನೊಂದು ವರ್ಷದ ಹುಡುಗಿ. ನೀ ಆದ್ರ ಬಿಡ್ತಿದ್ದೆಯೇನು?" ಅಂದ. ಅವಳೀಗ ಶೆಡ್ಡಿನಲ್ಲಿ ತಮ್ಮನನ್ನು ಆಡಿಸಿಕೊಂಡು, ಅಡುಗೆ ಮಾಡಿಕೊಂಡು ಇದ್ದಾಳಂತೆ. ಅಲ್ಲೇ ಹತ್ತಿರ ಶಾಲೆ ಇದೆ, ಟಿ.ಸಿ. ಇಲ್ಲದೆ ಸೇರಿಸಲ್ಲ ಅಂತ ಯಾರೋ ಹೇಳಿದರಂತೆ, ಬಿಟ್ಟ.

ಗೆಜೆಟ್ ಹುಳು · ಗುರುವಾರ ರಾತ್ರಿ

ಮಗಳ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ. ಚುರುಕು ಹುಡುಗಿ.

ಸಂವಿಧಾನ ಸಭೆ, 1948ರ ನವೆಂಬರ್ 23. ಕರಡಿನ 36ನೇ ವಿಧಿ ಚರ್ಚೆಗೆ ಬಂತು. ಕರಡು ಶುರುವಾಗುತ್ತಿದ್ದುದೇ "ಪ್ರತಿಯೊಬ್ಬ ನಾಗರಿಕನಿಗೂ ಉಚಿತ ಪ್ರಾಥಮಿಕ ಶಿಕ್ಷಣದ ಹಕ್ಕಿದೆ" ಅನ್ನುವ ಅರ್ಥದಿಂದ. ಲಕ್ಷ್ಮೀಕಾಂತ ಮೈತ್ರ ಎದ್ದು, ಇದು ನಿರ್ದೇಶಕ ತತ್ವಗಳ ಭಾಗ (ಸರ್ಕಾರಕ್ಕೆ ದಾರಿ ತೋರಿಸುವ ಮಾತುಗಳು, ಇವನ್ನು ಹಿಡಿದು ಕೋರ್ಟಿಗೆ ಹೋಗಲು ಬರುವುದಿಲ್ಲ), ಇಲ್ಲಿ ಹಕ್ಕಿನ ಮಾತು ಹೊಂದುವುದಿಲ್ಲ, ತೆಗೆಯಿರಿ ಅಂದರು. ಅಂಬೇಡ್ಕರ್ ಒಪ್ಪಿದರು. ಹೀಗೆ ಹಕ್ಕು ಹೋಗಿ, ಹತ್ತು ವರ್ಷದಲ್ಲಿ ಕೊಡಲು ಸರ್ಕಾರ ಪ್ರಯತ್ನಿಸಬೇಕು ಅನ್ನುವುದು ಉಳಿಯಿತು. ಅದೇ 45ನೇ ವಿಧಿ. ಹತ್ತು ವರ್ಷ ಅಂದರೆ 1960. ಹಕ್ಕು ವಾಪಸ್ ಬಂದು ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ.

ಅವತ್ತೇ ನಜೀರುದ್ದೀನ್ ಅಹ್ಮದ್ ಇನ್ನೊಂದು ತಿದ್ದುಪಡಿ ತಂದರು. "ಶಿಕ್ಷಣ" ಅಂತ ಬೇಡ, "ಪ್ರಾಥಮಿಕ ಶಿಕ್ಷಣ" ಅನ್ನಿ, ಅಷ್ಟು ಸಾಕು ಅಂತ. ಇದಕ್ಕೆ ಅಂಬೇಡ್ಕರ್ ಒಪ್ಪಲಿಲ್ಲ. ಅವರ ವಾದ ಸರಳ. ಇನ್ನೊಂದು ವಿಧಿಯಲ್ಲಿ 14 ವರ್ಷದೊಳಗಿನ ಮಗುವನ್ನು ಕಾರ್ಖಾನೆ, ಗಣಿಯಂಥ ಕಡೆ ದುಡಿಸಬಾರದು ಅಂತ ಬರೆದಿದ್ದೇವೆ. ದುಡಿಯಬಾರದು ಅಂದ ಮೇಲೆ ಆ ಮಗು ಆ ವಯಸ್ಸಿನವರೆಗೆ ಎಲ್ಲಿರಬೇಕು? ಯಾವುದಾದರೂ ಶಾಲೆಯಲ್ಲಿ ಇರಬೇಕು. ಹಾಗಾಗಿ 14.

ಅಂದರೆ ಹದಿನಾಲ್ಕು ಕಲಿಕೆಯ ಲೆಕ್ಕದಿಂದ ಬಂದಿದ್ದಲ್ಲ, ದುಡಿಮೆಯ ಲೆಕ್ಕದಿಂದ ಬಂದಿದ್ದು. ನಿಮ್ಮ ದೊಡ್ಡ ಮಗಳಿಗೆ ಮಾತ್ರ ಈ ಕಥೆ ಹೇಳಿ ಶಾಲೆ ಬಿಡಿಸಬೇಡಿ ಮಾರಾಯ್ರೇ.

ಕರಿಕೋಟು · ಗುರುವಾರ ರಾತ್ರಿ

ಟಿ.ಸಿ. ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ! 5ನೇ ಸೆಕ್ಷನ್ ಓದಿ. ಮಗು ಬೇರೆ ಶಾಲೆಗೆ ಹೋಗಬಹುದು, ಬೇರೆ ರಾಜ್ಯಕ್ಕೂ ಹೋಗಬಹುದು. ಟಿ.ಸಿ. ತಡವಾಯಿತು ಅನ್ನುವುದು ಸೇರಿಸಿಕೊಳ್ಳದಿರಲು ಕಾರಣ ಆಗುವುದಿಲ್ಲ. ತಡ ಮಾಡಿದ ಹೆಡ್‌ಮಾಸ್ತರ ಮೇಲೇ ಶಿಸ್ತುಕ್ರಮ. ವಯಸ್ಸಿನ ದಾಖಲೆ ಇಲ್ಲ ಅಂತಲೂ ನಿರಾಕರಿಸುವಂತಿಲ್ಲ, ಅದು 14ನೇ ಸೆಕ್ಷನ್. ಯಾವ ಊರಿನ ಹತ್ತಿರ ಇದ್ದಾರೆ ಕೇಳಿ ಹೇಳಿ.

ಒಗ್ಗರಣೆ · ಶುಕ್ರವಾರ ಬೆಳಿಗ್ಗೆ

ಆ ಮುದುಕಿಯ ವಿಷಯ ನನಗೆ ಹೊಳೆದಿರಲಿಲ್ಲ. ರೇಷನ್ ಬಂದ್ ಮಾಡೋದು ತಪ್ಪು, ಒಪ್ಕೋತೀನಿ. ದಂಡದ ಮಾತು ಮಾತ್ರ ವಾಪಸ್ ತಗೊಳಲ್ಲ. ಹತ್ತು ಎಕರೆ ಇದ್ದೂ ಮಗಳನ್ನು ಮನೆಯಲ್ಲಿ ಕೂರಿಸಿದವನು ನಮ್ಮ ಬೀದಿಯಲ್ಲೇ ಇದ್ದಾನೆ. ಅವನಿಗೆ ಆ 1983ರ ನೋಟಿಸು ಹೋಗಲೇಬೇಕು.

ಕರಿಕೋಟು · ಶುಕ್ರವಾರ ಬೆಳಿಗ್ಗೆ

ಅವನಿಗೆ ಹೋಗಲಿ, ನಾನೇ ಕರಡು ಬರೆದುಕೊಡ್ತೀನಿ.

ಎರೆಹೊಲ · ಶನಿವಾರ ರಾತ್ರಿ

ಸಭೆ ಮುಗಿಯಿತು. ಜಗಳ ಆಯಿತು. ರೇಷನ್ ಠರಾವು ಬಿದ್ದುಹೋಯಿತು, ಬೀಳಿಸಿದ್ದು ಹೆಂಗಸರು. ಎಸ್‌ಡಿಎಂಸಿಯಲ್ಲಿ ಅರ್ಧ ಅವರೇ ಅಲ್ವಾ, ಯಾವತ್ತೂ ಮಾತಾಡದವರು ಅವತ್ತು ಬಿಡಲಿಲ್ಲ. ಬದಲಿಗೆ ಎರಡು ಬರೆದೆವು. ಗುಳೆ ಹೋಗುವ ಮನೆಯ ಮಕ್ಕಳಿಗೆ ಮುಂದಿನ ವರ್ಷದಿಂದ ಊರಿನಲ್ಲೇ ಹಂಗಾಮಿ ಹಾಸ್ಟೆಲ್ ಕೊಡಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರಿಗೆ ಒಂದು. ಹೋಗಿರುವ 14 ಮಕ್ಕಳ ಸ್ಯಾಟ್ಸ್ ನಂಬರ್ (ಸರ್ಕಾರದ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ನಂಬರ್) ಬರೆದು, ಎಲ್ಲಿದ್ದಾರೋ ಅಲ್ಲಿಯ ಶಾಲೆಗೆ ಸೇರಿಸಿ ಅಂತ ಇನ್ನೊಂದು. ಹೆಡ್‌ಮಾಸ್ತರು ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ನನ್ನ ಕೈಗೆ ಕೊಟ್ಟಿದ್ದಾರೆ.

ಗೆಳೆಯ ಇರುವುದು ವರ್ತೂರಿನ ಹತ್ತಿರವಂತೆ. ಆ ಕಡೆಯವರು ಯಾರಾದರೂ ಇದ್ದೀರಾ?

ಕೆರೆ ಏರಿ · ಶನಿವಾರ ರಾತ್ರಿ

ಐದು ದಿನದಿಂದ ಸುಮ್ನೆ ಓದುತ್ತಿದ್ದೆ. ನಾನು ವರ್ತೂರಿನವಳು. ನಮ್ಮ ಮನೆಯಿಂದ ಸರ್ಕಾರಿ ಶಾಲೆಗೆ ಹತ್ತು ನಿಮಿಷ. ಹೋದ ವರ್ಷ ನಮ್ಮ ಕೆಲಸದವರ ಮಗನನ್ನು ಸೇರಿಸಿದ್ದೆ, ಅಲ್ಲಿನ ಮೇಡಂ ಪರಿಚಯ ಇದ್ದಾರೆ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನ ಹತ್ತಿರ ಇರ್ತೀನಿ. ಹುಡುಗಿಯ ಸ್ಯಾಟ್ಸ್ ನಂಬರನ್ನು ಇಲ್ಲಿ ಹಾಕಬೇಡಿ, ನನಗೆ ಬೇರೆ ಕಳಿಸಿ. ಆಧಾರ್ ಇದ್ದರೆ ತರಲಿ, ಇಲ್ಲದಿದ್ದರೂ ಬರಲಿ. ತಮ್ಮನಿಗೆ ಎಷ್ಟು ವರ್ಷ? ಮೂರು ಆಗಿದ್ದರೆ ಪಕ್ಕದಲ್ಲೇ ಅಂಗನವಾಡಿ ಇದೆ, ಅವನನ್ನೂ ಕರಕೊಂಡು ಬರಲು ಹೇಳಿ. ಅವನನ್ನು ಶೆಡ್ಡಿನಲ್ಲಿ ಬಿಟ್ಟು ಅವಳು ಬರಲ್ಲ.